ವಾದ್ಯ ಜಿಜ್ಞಾಸೆ: ಹಳೆಯ ಜಪಾನಿ ಗಿಟಾರ್‌ಗಳ ಮೋಹ

ಪ್ರಶ್ನೆ: 1970ರ ದಶಕದಲ್ಲಿ ಅಗ್ಗದ ಮಾಲೆಂದೇ ಮಾರಾಟವಾದ ಜಪಾನಿ ಗಿಟಾರ್‌ಗಳನ್ನು ಇಂದು ಜನ ಹುಡುಕಿ ಕೊಳ್ಳುವುದೇಕೆ? ಮಾರುವವರು ಇವನ್ನು 'ಲಾಸೂಟ್ (ಮೊಕದ್ದಮೆ) ಗಿಟಾರ್' ಎನ್ನುತ್ತಾರಲ್ಲ, ಅದು ಯಾವ ಮೊಕದ್ದಮೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಅವುಗಳ ಬೆಲೆ ಕಡಿಮೆಯಿದ್ದುದಕ್ಕೆ ಕೆಲಸಗಾರಿಕೆಗಿಂತ ಯೆನ್‌ನ ವಿನಿಮಯ ದರವೇ ಹೆಚ್ಚು ಕಾರಣವಾಗಿತ್ತು. 1971ರವರೆಗೆ ಒಂದು ಡಾಲರಿಗೆ 360 ಯೆನ್ ಎಂಬ ಸ್ಥಿರ ದರವಿದ್ದುದರಿಂದ ಜಪಾನಿನಲ್ಲಿ ನುರಿತ ಕೈಗಳು ಮಾಡಿದ ವಾದ್ಯವೂ ಅಮೆರಿಕದ ಅಂಗಡಿಯಲ್ಲಿ ಅಗ್ಗವಾಗಿಯೇ ಸಿಗುತ್ತಿತ್ತು. ಆದರೆ ಈ ಹೊಗಳಿಕೆ ಎಲ್ಲ ಜಪಾನಿ ಗಿಟಾರ್‌ಗಳಿಗೂ ಸಲ್ಲುವುದಿಲ್ಲ. 1965ರಲ್ಲಿ ಅಮೆರಿಕದ ರಾಕ್ ತಂಡವಾದ ವೆಂಚರ್ಸ್‌ನ ಪ್ರವಾಸದಿಂದ ಅಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಬ್ಬಿದಾಗ ಅವಸರದಲ್ಲಿ ತಯಾರಾದ ಎಷ್ಟೋ ವಾದ್ಯಗಳ ನೆಕ್, ಎಂದರೆ ತಂತಿಗಳನ್ನು ಒತ್ತಿ ನುಡಿಸುವ ಉದ್ದನೆಯ ಕತ್ತು, ದಪ್ಪ, ತಂತಿಗಳು ಬೆರಳು ನೋಯುವಷ್ಟು ಎತ್ತರ. ಅಂಥವನ್ನು ಕೊಳ್ಳುವವರು ಬಯಸುವುದು ವಿಚಿತ್ರ ಆಕಾರವನ್ನು ಮತ್ತು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಆ ಪಿಕಪ್‌ಗಳ ಒರಟು ದನಿಯನ್ನು. ಷಿಕಾಗೋದ ಬ್ಲೂಸ್ ವಾದಕ ಹೌಂಡ್ ಡಾಗ್ ಟೇಲರ್ ಇಂಥ ಅಗ್ಗದ ಜಪಾನಿ ಗಿಟಾರನ್ನೇ ನುಡಿಸಿ ಹೆಸರಾದವರು.

ನಿಜವಾದ ಸುಧಾರಣೆ ಕಂಡದ್ದು 1970ರ ದಶಕದ ನಡುವಿನಿಂದ. ನಾಗಾನೋ ಪ್ರಾಂತದ ಮಾತ್ಸುಮೋಟೋ ನಗರದಲ್ಲಿ 1960ರಲ್ಲಿ ಆರಂಭವಾದ ಫುಜಿಗೆನ್, ಹೊಲಿಗೆ ಯಂತ್ರಗಳ ಮರದ ಪೆಟ್ಟಿಗೆ ಮಾಡುತ್ತಿದ್ದು ಗಿಟಾರಿನತ್ತ ಹೊರಳಿದ ಮಾತ್ಸುಮೋಕು, ಹಮಾಮಾತ್ಸುವಿನ ಟೋಕಾಯ್ ಮುಂತಾದ ಕಾರ್ಖಾನೆಗಳು ಅಮೆರಿಕದ ಹೆಸರಾಂತ ಮಾದರಿಗಳನ್ನು ಬಿಚ್ಚಿ, ಅಳೆದು, ನಕಲು ಮಾಡುತ್ತಲೇ ಕಸುಬು ಕಲಿತವು. ಅದೇ ಹೊತ್ತಿಗೆ ದೊಡ್ಡ ಉದ್ಯಮಗಳ ಕೈಸೇರಿದ್ದ ಅಮೆರಿಕದ ಗಿಟಾರ್ ಕಂಪನಿಗಳಾದ ಫೆಂಡರ್ ಮತ್ತು ಗಿಬ್ಸನ್‌ಗಳ ಗುಣಮಟ್ಟ ಇಳಿದಿದೆಯೆಂದು ವಾದಕರು ಗೊಣಗತೊಡಗಿದ್ದರು. ನಕಲಿಗೆ ಬೆಲೆ ಬಂದದ್ದು ಹೀಗೆ. 1982ರಲ್ಲಿ ಫೆಂಡರ್ ಸಂಸ್ಥೆಯೇ ಜಪಾನಿನಲ್ಲಿ ಪಾಲುದಾರಿಕೆ ಮಾಡಿಕೊಂಡು ಫುಜಿಗೆನ್‌ನಲ್ಲಿ ಗಿಟಾರ್ ಮಾಡಿಸತೊಡಗಿತೆಂಬುದಕ್ಕಿಂತ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಇನ್ನು ಮೊಕದ್ದಮೆಯ ಮಾತು. ಗಿಬ್ಸನ್‌ನ ಒಡೆತನ ಹೊಂದಿದ್ದ ನಾರ್ಲಿನ್ ಕಂಪನಿಯು 1977ರಲ್ಲಿ ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ಐಬನೆಜ್ ಎಂಬ ಜಪಾನಿ ಗಿಟಾರ್‌ಗಳ ಅಮೆರಿಕದ ವಿತರಕರಾದ ಎಲ್ಗರ್ ಮೇಲೆ ದಾವೆ ಹೂಡಿತು. ತಕರಾರು ಇದ್ದದ್ದು ಹೆಡ್‌ಸ್ಟಾಕ್‌ನ, ಎಂದರೆ ಬಿರಟೆಗಳಿರುವ ತುದಿಯ, ಆಕಾರದ ಬಗ್ಗೆ, ಮರುವರ್ಷವೇ ರಾಜಿಯಾಯಿತು. ಆದ್ದರಿಂದ ಗ್ರೆಕೋ, ಟೋಕಾಯ್ ಸೇರಿ ಕಂಡ ಕಂಡ ಜಪಾನಿ ಗಿಟಾರ್‌ಗಳಿಗೆಲ್ಲ 'ಲಾಸೂಟ್' ಎಂಬ ಹೆಸರು ಅಂಟಿಸುವುದು ಶುದ್ಧ ವ್ಯಾಪಾರಿ ಚಮತ್ಕಾರ; ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಡಾಲರಿನ ಬೆಲೆ ತಗ್ಗಿಸಲು ಪ್ರಮುಖ ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ಬಳಿಕ, ಡಾಲರಿಗೆ ಸುಮಾರು 240 ಯೆನ್ ಇದ್ದ ದರ 1987ರ ಕೊನೆಯ ವೇಳೆಗೆ 150ಕ್ಕಿಂತ ಕೆಳಗಿಳಿದು, ಎಂದರೆ ಯೆನ್ ದುಬಾರಿಯಾಗಿ, ಅಗ್ಗದ ಗಿಟಾರ್‌ಗಳ ತಯಾರಿಕೆ ಕೊರಿಯಾಕ್ಕೆ ಸರಿಯಿತು. ಮಾತ್ಸುಮೋಕು 1987ರಲ್ಲಿ ಬಾಗಿಲು ಹಾಕಿತು.

ಪ್ರಶ್ನೆ: ಬಂಧುಗಳೊಬ್ಬರು ತಮ್ಮ ಹಳೆಯ ಯಮಾಹಾ ಎಫ್‌ಜಿ-180 ಕೊಡುತ್ತೇನೆನ್ನುತ್ತಾರೆ. ಅದರ ಮೇಲ್ಮೈ ಪ್ಲೈವುಡ್ಡಿನದಂತೆ. ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಧಾರಾಳವಾಗಿ. 1966ರಲ್ಲಿ ಬಂದ ಈ ಮಾದರಿಯ ಮೇಲ್ಮೈ ಪದರ ಪದರವಾಗಿ ಅಂಟಿಸಿದ ಸ್ಪ್ರೂಸ್ ಮರದ್ದು. ಇಡೀ ಹಲಗೆಯ ನಾದಕ್ಕೆ ಅದು ಸಮವಲ್ಲವೆಂಬುದು ಸಾಮಾನ್ಯ ಅಭಿಪ್ರಾಯವಾದರೂ, ಮಳೆಗಾಲದ ತೇವ ಮತ್ತು ಬೇಸಿಗೆಯ ಸೆಕೆಗಳ ನಡುವೆ ಬಿರುಕು ಬಿಡದೆ ಉಳಿಯುವ ಗುಣ ಅದಕ್ಕೇ ಹೆಚ್ಚು. ನಿಮ್ಮೂರಿಗೆ ಇದು ಸಣ್ಣ ಲಾಭವಲ್ಲ.

ನೋಡಬೇಕಾದದ್ದು ನೆಕ್‌ನ ಕೋನ. ದಶಕಗಳ ಕಾಲ ತಂತಿಗಳ ಎಳೆತಕ್ಕೆ ಸಿಕ್ಕಿ ನೆಕ್ ಮುಂದಕ್ಕೆ ವಾಲಿದ್ದರೆ ಹನ್ನೆರಡನೆಯ ಫ್ರೆಟ್ಟಿನ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಯ) ಬಳಿ ತಂತಿ ಬಹಳ ಎತ್ತರವಾಗಿರುತ್ತದೆ. ನೆಕ್ ಬಿಲ್ಲಿನಂತೆ ಬಾಗಿದ್ದರೆ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಆದರೆ ಬುಡದ ಕೋನವೇ ಕೆಟ್ಟಿದ್ದರೆ ನೆಕ್ಕನ್ನು ಬಿಡಿಸಿ ಮತ್ತೆ ಕೂರಿಸಬೇಕಾಗುತ್ತದೆ, ಆ ಕೂಲಿ ಗಿಟಾರಿನ ಬೆಲೆಯನ್ನೇ ಮೀರಬಹುದು. ತುಸುವೇ ವ್ಯತ್ಯಾಸವಿದ್ದಲ್ಲಿ ಬ್ರಿಜ್‌ನ (ಮೇಲ್ಮೈಗೆ ತಂತಿಗಳನ್ನು ಬಿಗಿದಿರುವ ಮರದ ತುಂಡಿನ) ಮೇಲೆ ತಂತಿಗಳು ಕೂರುವ ಸ್ಯಾಡಲ್ ಪಟ್ಟಿಯನ್ನು ಉಜ್ಜಿ ತಗ್ಗಿಸಿಕೊಂಡು ನುಡಿಸಬಹುದು.