ಕೆಮ್ಮಿದರೆ ನ್ಯಾನೋ ಕಣ ಹೊರಗೆ ಬರುತ್ತಾ?

ಲೇಸರ್ ಪ್ರಿಂಟರ್ ಪಕ್ಕದಲ್ಲೇ ದಿನವಿಡೀ ಕೂರ್ತೀನಿ, ಅದರಿಂದ ಬಂದು ಉಸಿರಿನ ಜೊತೆ ಒಳಗೆ ಹೋದ ನ್ಯಾನೋ ಕಣಗಳು (ಕಣ್ಣಿಗೇ ಕಾಣದಷ್ಟು ಸಣ್ಣ ಕಣಗಳು) ಕೆಮ್ಮಿದರೆ ಬಂದುಬಿಡುತ್ತವಾ ಅಂತ ಕೇಳಿದ್ದೀರಿ. ಅದು ಕಣ ಎಲ್ಲಿ ಹೋಗಿ ಕೂತಿದೆ ಅನ್ನೋದರ ಮೇಲಿದೆ.

ಶ್ವಾಸನಾಳದಲ್ಲಿ ಕೂತಿದ್ದರೆ ಕೆಮ್ಮೋದೂ ಬೇಡ. ಅಲ್ಲಿನ ಸಣ್ಣ ರೋಮಗಳು ಸೆಕೆಂಡಿಗೆ ಸುಮಾರು 10 ಸಲ ಬೀಸುತ್ತಾ, ಲೋಳೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಗಂಟಲಿಗೆ ಬಂದದ್ದನ್ನು ನಾವು ಗೊತ್ತೇ ಆಗದೆ ನುಂಗಿಬಿಡುತ್ತೇವೆ. ಹೆಚ್ಚಿನ ಪಾಲು ಒಂದೆರಡು ದಿನದಲ್ಲಿ ಖಾಲಿ.

ತಾಪತ್ರಯ ಇರೋದು ಶ್ವಾಸಕೋಶದ ಕೊನೆಯ ಗಾಳಿಗೂಡುಗಳಲ್ಲಿ. 20 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಆಸುಪಾಸಿನ ಕಣಗಳು ಅಲ್ಲಿಗೇ ಜಾಸ್ತಿ ಇಳಿಯುತ್ತವೆ. ಅಲ್ಲಿ ರೋಮಗಳೇ ಇಲ್ಲ, ಕೆಮ್ಮಿನ ಜೋರೂ ಮುಟ್ಟಲ್ಲ. ಕಾವಲಿಗಿರೋದು ಮ್ಯಾಕ್ರೋಫೇಜ್ ಅನ್ನೋ ಕೋಶಗಳು. ಅವು ತೆವಳಿಕೊಂಡು ಬಂದು ಕಣವನ್ನು ಸುತ್ತುವರಿದು ನುಂಗುತ್ತವೆ. ತಮಾಷೆ ಅಂದ್ರೆ, ಗುಂಪಾಗಿ ಅಂಟಿಕೊಂಡ ಕಣಗಳು ಅವಕ್ಕೆ ಸುಲಭವಾಗಿ ಸಿಗುತ್ತವೆ, ಒಂಟಿ ನ್ಯಾನೋ ಕಣ ಎಷ್ಟೋ ಸಲ ಕಣ್ತಪ್ಪಿಸುತ್ತದೆ. ಕರಗುವ ಕಣವಾದರೆ ಬೇಗ ಕರಗಿ ಹೋಗುತ್ತದೆ. ಕರಗದಿದ್ದರೆ ಅರ್ಧ ಖಾಲಿಯಾಗೋಕೇ ನೂರಾರು ದಿನ ಬೇಕು.

ತಪ್ಪಿಸಿಕೊಂಡವುಗಳಲ್ಲಿ ಸ್ವಲ್ಪ ಪಾಲು ರಕ್ತಕ್ಕೂ ದಾಟುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವಯಂಸೇವಕರಿಗೆ ಚಿನ್ನದ ನ್ಯಾನೋ ಕಣ ಉಸಿರಾಡಿಸಿದ್ದರು. ಮೂರು ತಿಂಗಳ ನಂತರವೂ ಅವರ ರಕ್ತ, ಮೂತ್ರದಲ್ಲಿ ಚಿನ್ನ ಸಿಕ್ಕಿತ್ತು!

ಹಾಗಂತ ಹೆದರಬೇಡಿ, ರಕ್ತಕ್ಕೆ ದಾಟುವ ಪ್ರಮಾಣ ತುಂಬಾ ಕಡಿಮೆ. ಆದರೆ ಸಿಗರೇಟು ಸೇದುತ್ತಿದ್ದರೆ ಮೊದಲು ಅದನ್ನು ಬಿಡಿ, ಅದು ಆ ರೋಮಗಳನ್ನೇ ಹಾಳು ಮಾಡುತ್ತದೆ. ಪ್ರಿಂಟರನ್ನು ಕಿಟಕಿ ಹತ್ತಿರ ಸರಿಸಿದರೆ ಒಳ್ಳೆಯದು.