ಸಂಪಾದಕರ ಉತ್ತರ: ಉಪ್ಪಾಗೆಯ ಹುಳಿ ಮತ್ತು ಕೊಬ್ಬಿನ ದಾರಿ

ಮಾನ್ಯರೇ,

ಹೊಸನಗರ ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿದೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಕೊಬ್ಬಿನ ಚಯಾಪಚಯವನ್ನು ಕುರಿತು ದೀರ್ಘಕಾಲ ದುಡಿದ ಜೀವರಸಾಯನ ವಿಜ್ಞಾನಿ ಜಾನ್ ಲೋವೆನ್‌ಸ್ಟೈನ್ ಅವರ ಬಗೆಗಿನ ನಮ್ಮ ಲೇಖನವನ್ನು ಓದಿ ನೀವು ಎರಡು ಮಾತು ಕೇಳಿದ್ದೀರಿ. ನಮ್ಮ ಕಾಡಿನ ಉಪ್ಪಾಗೆ ಹಣ್ಣಿನ ಹುಳಿಯನ್ನು ಆಧರಿಸಿದ ಕೆಲಸದ ಕೀರ್ತಿಯೆಲ್ಲ ಹೊರದೇಶದವರಿಗೇ ಸಲ್ಲಬೇಕೆ ಎಂಬುದು ಒಂದು. ಆ ಹುಳಿ ಕೊಬ್ಬಿನ ತಯಾರಿಕೆಯನ್ನು ತಡೆಯುತ್ತದೆಂದು 1969ರಲ್ಲೇ ಗೊತ್ತಾಗಿದ್ದರೆ, ನಿಮ್ಮ ತಂಗಿ ತರಿಸಿಕೊಂಡಿರುವ ಉಪ್ಪಾಗೆ ಮಾತ್ರೆಯಿಂದ ತೂಕ ಇಳಿಯಲೇಬೇಕಲ್ಲವೆ ಎಂಬುದು ಇನ್ನೊಂದು.

ಮೊದಲನೆಯದರಲ್ಲಿ ತಪ್ಪು ನಮ್ಮದು. ಉಪ್ಪಾಗೆಯಲ್ಲಿರುವುದು ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವೆಂದು ಮೊದಲು ನಂಬಲಾಗಿತ್ತು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿ.ಎಫ್.ಟಿ.ಆರ್.ಐ.) ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಅವರ ಹೆಸರಿಲ್ಲದೆ ಆ ಲೇಖನ ಅಚ್ಚಾಗಬಾರದಿತ್ತು.

ಎರಡನೆಯದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಉಂಡ ಅನ್ನ ಸಕ್ಕರೆಯಾಗಿ, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಎಂಬ ಘಟಕದಲ್ಲಿ ಅಸಿಟೈಲ್ ಕೋ-ಎ ಎಂಬ ಸಣ್ಣ ತುಣುಕಾಗುತ್ತದೆ. ಕೊಬ್ಬನ್ನು ಕಟ್ಟುವುದು ಈ ತುಣುಕುಗಳಿಂದಲೇ. ಆದರೆ ಕಟ್ಟುವ ಕೆಲಸ ನಡೆಯುವುದು ಮೈಟೊಕಾಂಡ್ರಿಯಾದ ಹೊರಗೆ, ತುಣುಕಿಗೋ ಅದರ ಒಳಪೊರೆಯನ್ನು ದಾಟಲು ಬರುವುದಿಲ್ಲ. ಹಾಗಾದರೆ ಅದು ಹೊರಬರುವುದು ಹೇಗೆ? ಲೋವೆನ್‌ಸ್ಟೈನ್ ಬೆನ್ನು ಹತ್ತಿದ ಪ್ರಶ್ನೆ ಇದು. ತುಣುಕು ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ರೂಪದಲ್ಲಿ ಹೊರಬಂದು, ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವದಿಂದ ಮತ್ತೆ ಒಡೆಯುತ್ತದೆ ಎಂಬ ವಿಚಾರವನ್ನು ಪರೀಕ್ಷಿಸಬೇಕಾದರೆ ಆ ಒಂದು ಕಿಣ್ವವನ್ನು ಮಾತ್ರ ಕಟ್ಟಿಹಾಕುವ ವಸ್ತು ಬೇಕಿತ್ತು. ಸಿಟ್ರಿಕ್ ಆಮ್ಲವನ್ನೇ ಹೋಲುವ, ಒಂದೇ ಒಂದು ಆಮ್ಲಜನಕ ಹೆಚ್ಚಿರುವ ಉಪ್ಪಾಗೆಯ ಆಮ್ಲ, ಕಿಣ್ವದಲ್ಲಿ ಸಿಟ್ರೇಟ್ ಕೂರಬೇಕಾದ ಜಾಗದಲ್ಲಿ ಹೋಗಿ ಕೂರುತ್ತದೆ. 1969ರಲ್ಲಿ ಅವರ ತಂಡ ಇದನ್ನು ತೋರಿಸಿತು; ಮುಂದೆ 1971ರಲ್ಲಿ ಇಲಿಗಳ ಯಕೃತ್ತಿನಲ್ಲಿ ಕೊಬ್ಬಿನ ಉತ್ಪತ್ತಿ ಕುಗ್ಗುವುದನ್ನೂ ಅವರು ವರದಿ ಮಾಡಿದರು. ಈ ಹಣ್ಣಿನ ಹುಳಿ ಅವರಿಗೆ ದಾರಿ ಹುಡುಕುವ ಉಪಕರಣವಾಗಿತ್ತು, ಔಷಧವಲ್ಲ.

ಪಿಷ್ಟವನ್ನೇ ಹೆಚ್ಚಾಗಿ ತಿನ್ನಿಸಿದ ಇಲಿಯ ಯಕೃತ್ತು ಅದರಿಂದ ಹೇರಳವಾಗಿ ಕೊಬ್ಬು ಕಟ್ಟುತ್ತದೆ. ಆದರೆ ಮನುಷ್ಯರ ಮೈಗೆ ಸೇರುವ ಕೊಬ್ಬಿನ ಬಹುಪಾಲು ಎಣ್ಣೆ, ತುಪ್ಪ, ಕಾಯಿಯ ರೂಪದಲ್ಲಿ ನೇರವಾಗಿ ಬರುವಂಥದ್ದು. ಅದಕ್ಕೆ ಈ ಕಿಣ್ವದ ಹಂಗಿಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಈ ಆಮ್ಲ ಸೇವಿಸಿದವರಿಗೂ ಬರಿಯ ಹುಸಿಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆಗಳಿಂದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಅದೇ ಕಿಣ್ವವನ್ನು ತಡೆಯುವ ಬೆಂಪೆಡೊಯಿಕ್ ಆಮ್ಲಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿದ್ದು ನಿಜ. ಆದರೆ ಅದು ಬೇರೆಯೇ ವಸ್ತು. ವೈದ್ಯರು ಬರೆದುಕೊಡುವುದು ಕೊಲೆಸ್ಟರಾಲ್ ಇಳಿಸಲಿಕ್ಕೆ, ಬೊಜ್ಜು ಕರಗಿಸಲಿಕ್ಕಲ್ಲ.

ಮಳೆಗಾಲದಲ್ಲಿ ನಮ್ಮಜ್ಜಿ ಉಪ್ಪಾಗೆ ಹಣ್ಣು ಬಿಡಿಸುತ್ತಿದ್ದುದು ನನ್ನ ಕಣ್ಣ ಮುಂದಿದೆ. ಸಿಪ್ಪೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾಗುತ್ತಿತ್ತು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ದೋಸೆಯ ಕಾವಲಿಗೆ ಬೀಳುತ್ತಿತ್ತು. ಕೊಬ್ಬು ಕರಗಿಸುವುದೆಂದು ಜಾಹೀರಾತು ಹೊಗಳುವ ಹಣ್ಣಿನ ಬೀಜದಲ್ಲೇ ಅಷ್ಟು ಕೊಬ್ಬಿದೆ. ಸಾರಿಗೆ ಹಾಕುವ ಒಂದೆರಡು ಸಿಪ್ಪೆಗೂ, ಸಾರ ಇಳಿಸಿ ತುಂಬಿದ ಮಾತ್ರೆಗೂ ಪ್ರಮಾಣದಲ್ಲಿ ಬಹಳ ಅಂತರವಿದೆ ಎಂಬುದನ್ನು ದಯವಿಟ್ಟು ನಿಮ್ಮ ತಂಗಿಗೆ ತಿಳಿಸಿ. ಆ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ಡಬ್ಬಿಯ ಸಮೇತ ವೈದ್ಯರನ್ನು ಕಾಣಲಿ. ಆಯಾಸ, ಹಸಿವಿಲ್ಲದಿರುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದೇ ಕಂಡಿದ್ದರೂ ತಡಮಾಡುವುದು ಬೇಡ. ಮೈಸೂರಿನ ಆ ಇಬ್ಬರ ಕೆಲಸವನ್ನು ಕುರಿತ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ, ಮೂಲ ಲೇಖನಕ್ಕೆ ಕೊಟ್ಟಷ್ಟೇ ಜಾಗದಲ್ಲಿ ಬರುತ್ತದೆ.

— ಸಂಪಾದಕ