ಮ್ಯಾರಥಾನ್ ಮುಗಿದ ಮೇಲೆ ಡ್ರಿಪ್ ಬೇಕಾ?

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಇಷ್ಟು ದಿನ ಹಾಫ್ ಮ್ಯಾರಥಾನ್ ಓಡುತ್ತಿದ್ದೆ. ಮುಂದಿನ ತಿಂಗಳು ಮೊದಲ ಸಲ ಪೂರ್ತಿ 42.195 ಕಿ.ಮೀ. ಓಡುತ್ತೇನೆ. ನಮ್ಮ ಗುಂಪಿನಲ್ಲಿ ಕೆಲವರು ಓಟ ಮುಗಿದ ಕೂಡಲೇ ವಿಟಮಿನ್ ಸೇರಿಸಿದ ಡ್ರಿಪ್ ಹಾಕಿಸಿಕೊಳ್ಳುತ್ತಾರೆ. ಸುಸ್ತು, ಮೈಕೈ ನೋವು ಎಲ್ಲ ಬೇಗ ಹೋಗುತ್ತದಂತೆ. ನಾನೂ ಹಾಕಿಸಿಕೊಳ್ಳಲಾ?

ಉತ್ತರ: ಬೇಡ. ವಾಂತಿ ಇಲ್ಲ, ಬಾಯಲ್ಲಿ ನೀರು ಇಳಿಯುತ್ತಿದೆ, ಪ್ರಜ್ಞೆ ಸರಿಯಾಗಿದೆ ಅಂದರೆ ನಿಮಗೆ ಸೂಜಿಯ ಅಗತ್ಯವಿಲ್ಲ.

ಆ ಬಾಟಲಿಯಲ್ಲಿ ಏನಿರುತ್ತದೆ ನೋಡೋಣ. ನಾರ್ಮಲ್ ಸಲೈನ್ ಅಂದರೆ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟೇ. ಜನ ಗ್ಲೂಕೋಸ್ ಬಾಟಲಿ ಅನ್ನುವ 5% ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರಿನಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಒಂದು ಬಾಳೆಹಣ್ಣು ತಿಂದರೂ ಹೆಚ್ಚುಕಡಿಮೆ ಅಷ್ಟೇ ಪಿಷ್ಟ, ಸಕ್ಕರೆ ಸಿಗುತ್ತದೆ. ಆದರೆ ಓಟದಲ್ಲಿ ಖಾಲಿಯಾದ ಸ್ನಾಯುಗಳ ಗ್ಲೈಕೋಜೆನ್ (ಸ್ನಾಯು ಕೂಡಿಟ್ಟುಕೊಂಡ ಸಕ್ಕರೆ) ಬೇಗ ತುಂಬಬೇಕಾದರೆ ಮೊದಲ ಕೆಲವು ಗಂಟೆ ದೇಹದ ತೂಕದ ಕಿಲೋಗೆ ಸುಮಾರು 1 ಗ್ರಾಂನಂತೆ ಗಂಟೆಗೊಮ್ಮೆ ಕಾರ್ಬೋಹೈಡ್ರೇಟ್ ಬೇಕು. 70 ಕಿಲೋ ತೂಗುವವರಿಗೆ ಗಂಟೆಗೆ 70 ಗ್ರಾಂ. ಬಾಟಲಿಯಿಂದ ಇದು ಆಗುವ ಕೆಲಸವಲ್ಲ, ಊಟವೇ ಮಾಡಬೇಕು.

ಮೈಕೈ ನೋವಿನ ವಿಷಯವೇ ಬೇರೆ. ಪ್ರತಿ ಹೆಜ್ಜೆಯಲ್ಲೂ, ಅದರಲ್ಲೂ ಇಳಿಜಾರಿನಲ್ಲಿ, ತೊಡೆಯ ಸ್ನಾಯು ಎಳೆತಕ್ಕೆ ಸಿಕ್ಕಿಯೇ ಬಿಗಿಯಬೇಕು. ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ನೋವು ಜಾಸ್ತಿಯಾಗುವುದು ಒಂದರಿಂದ ಮೂರು ದಿನದೊಳಗೆ. ಅದು ನೀರಿನ ಕೊರತೆಯಿಂದ ಬಂದದ್ದಲ್ಲ, ಹಾಗಾಗಿ ನೀರು ಏರಿಸಿದರೆ ಹೋಗುವುದೂ ಇಲ್ಲ. ಬಿ ಗುಂಪಿನ ವಿಟಮಿನ್‌ಗಳು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ. ವಿಟಮಿನ್ ಸಿ ಅನ್ನು ದೊಡ್ಡ ಪ್ರಮಾಣದಲ್ಲಿ ನರಕ್ಕೆ ಕೊಟ್ಟರೆ, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳೇ ಒಡೆಯಬಹುದು. ಎಷ್ಟೋ ಜನರಿಗೆ ತಮಗೆ ಆ ಕೊರತೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ಹಾಗಾದರೆ ನಿಮ್ಮ ಗೆಳೆಯರಿಗೆ ಆರಾಮ ಅನ್ನಿಸುವುದು ಸುಳ್ಳಾ? ಖಂಡಿತ ಅಲ್ಲ. ಡ್ರಿಪ್ ಮುಗಿಯುವ ತನಕ ಅರ್ಧ ಮುಕ್ಕಾಲು ಗಂಟೆ ನೆರಳಿನಲ್ಲಿ ಕಾಲು ಚಾಚಿ ಮಲಗಿರುತ್ತಾರೆ ಅಲ್ವಾ? ನಾಲ್ಕೈದು ಗಂಟೆ ಓಡಿದ ದೇಹಕ್ಕೆ ಅದೇ ದೊಡ್ಡ ಉಪಚಾರ. ಅದನ್ನು ಸೂಜಿ ಇಲ್ಲದೆಯೂ ಮಾಡಬಹುದು.

ಪ್ರಶ್ನೆ: ಸರ್, ಕಳೆದ ಓಟದಲ್ಲಿ ಗೆರೆ ದಾಟಿ ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಕುಸಿದೆ. ನೀರು ಕಡಿಮೆಯಾಗಿದೆ ಎಂದು ಅಲ್ಲಿದ್ದವರು ತಕ್ಷಣ ಡ್ರಿಪ್ ಹಾಕಿದರು. ಆದರೆ ನಾನು ದಾರಿಯುದ್ದಕ್ಕೂ ಚೆನ್ನಾಗಿ ನೀರು ಕುಡಿದಿದ್ದೆ. ಹಾಗಿದ್ದರೂ ಯಾಕೆ ಹೀಗಾಯಿತು?

ಉತ್ತರ: ನೀವು ಕುಸಿದದ್ದು ಓಡುವಾಗಲ್ಲ, ನಿಂತ ಮೇಲೆ. ಇದು ಮುಖ್ಯ ಸುಳಿವು. ಓಡುತ್ತಿರುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ಕಾಲಿನ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತಿರುತ್ತವೆ. ಗಕ್ಕನೆ ನಿಂತರೆ ಆ ಕೆಲಸ ನಿಲ್ಲುತ್ತದೆ. ಹಿಗ್ಗಿದ ರಕ್ತನಾಳಗಳಲ್ಲಿ ರಕ್ತ ಕಾಲಿನಲ್ಲೇ ಉಳಿಯುತ್ತದೆ, ಬಿಪಿ ಇಳಿಯುತ್ತದೆ, ತಲೆ ಸುತ್ತುತ್ತದೆ. ಗೆರೆ ದಾಟಿದ ಮೇಲೆ ಕುಸಿಯುವ ಹೆಚ್ಚಿನವರದು ಇದೇ ಕಥೆ. ಮಲಗಿಸಿ, ಕಾಲು ಎತ್ತರಕ್ಕೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸುಧಾರಿಸಿಕೊಳ್ಳುತ್ತಾರೆ. ಮುಂದಿನ ಸಲ ಗೆರೆ ದಾಟಿದ ಮೇಲೆ ನಿಲ್ಲಬೇಡಿ, ನಿಧಾನವಾಗಿ ನಡೆಯುತ್ತಾ ಇರಿ.

ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು 'ಚೆನ್ನಾಗಿ ನೀರು ಕುಡಿದಿದ್ದೆ' ಅನ್ನುವ ಮಾತು. ಬಾಯಾರಿಕೆ ಇಲ್ಲದಿದ್ದರೂ ಪ್ರತಿ ನೀರಿನ ಮೇಜಿನ ಹತ್ತಿರ ನಿಂತು ಕುಡಿಯುವವರಲ್ಲಿ ರಕ್ತದ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇಳಿಯುತ್ತದೆ. ಅದು ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ ನಡುವೆ ಇರಬೇಕು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13% ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಮೂವರಲ್ಲಿ 120 ಅಥವಾ ಅದಕ್ಕಿಂತ ಕೆಳಗೆ ಇಳಿದಿತ್ತು, ಅದು ಜೀವಕ್ಕೇ ಅಪಾಯ. ಓಡುತ್ತಾ ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ, ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಓಡಿದವರಲ್ಲಿ ಈ ತೊಂದರೆ ಹೆಚ್ಚು ಕಂಡುಬಂತು.

ಇಂಥವರು ನೋಡುವುದಕ್ಕೆ ನೀರು ಕಡಿಮೆಯಾದವರಂತೆಯೇ ಇರುತ್ತಾರೆ. ತಲೆನೋವು, ವಾಕರಿಕೆ, ಸುಸ್ತು, ಗೊಂದಲ. ಅವರಿಗೆ ಡೆಕ್ಸ್‌ಟ್ರೋಸ್ ಏರಿಸಿದರೆ ಸಕ್ಕರೆ ಬೇಗ ಬಳಕೆಯಾಗಿ ಬರೀ ನೀರು ಉಳಿಯುತ್ತದೆ, ಸೋಡಿಯಂ ಇನ್ನೂ ಇಳಿಯುತ್ತದೆ. ನಾರ್ಮಲ್ ಸಲೈನ್ ಕೂಡ ಸುರಕ್ಷಿತ ಅಲ್ಲ. ಓಟದ ಒತ್ತಡದಲ್ಲಿ ಮೂತ್ರ ತಡೆಯುವ ಹಾರ್ಮೋನ್ ಏರಿರುತ್ತದೆ. ಮೂತ್ರಪಿಂಡ ಉಪ್ಪನ್ನು ಹೊರಹಾಕಿ ನೀರನ್ನು ಒಳಗೇ ಇಟ್ಟುಕೊಳ್ಳಬಹುದು. ಮೆದುಳು ಊದಿಕೊಂಡು ಫಿಟ್ಸ್ ಬರಬಹುದು, ಸಾವೂ ಬರಬಹುದು. ಸೋಡಿಯಂ ತೀರಾ ಇಳಿದವರಿಗೆ ವೈದ್ಯರು ಕೊಡುವುದು 3% ಗಾಢ ಸಲೈನ್, ಅದೂ ಸಾಮಾನ್ಯವಾಗಿ ಒಂದು ಸಲಕ್ಕೆ 100 ಮಿ.ಲೀ. ಮಾತ್ರ. ಆದ್ದರಿಂದಲೇ ನಾನು ಬಿಡದೆ ಹೇಳುವುದು: ಕುಸಿದವರ ಸೋಡಿಯಂ ನೋಡದೆ ಬಾಟಲಿ ನೇತು ಹಾಕಬೇಡಿ. ಬೆರಳ ತುದಿಯಲ್ಲೇ ರಕ್ತದ ಸಕ್ಕರೆ ನೋಡುತ್ತಾರೆ, ಸೋಡಿಯಂ ಕೂಡ ಕೆಲವೇ ನಿಮಿಷದಲ್ಲಿ ಹೇಳುವ ಸಣ್ಣ ಯಂತ್ರಗಳಿವೆ. ದೊಡ್ಡ ಓಟದ ವೈದ್ಯಕೀಯ ಟೆಂಟಿನಲ್ಲಿ ಅದು ಇರಲೇಬೇಕು.

ಪ್ರಶ್ನೆ: ನಾನು ಸ್ಪರ್ಧೆಗಳಲ್ಲಿ ಓಡುತ್ತೇನೆ. ಡ್ರಿಪ್ ಹಾಕಿಸಿಕೊಂಡರೆ ಡೋಪಿಂಗ್ ಆಗುತ್ತದೆ ಅನ್ನುತ್ತಾರೆ. ಬರೀ ಸಲೈನ್ ಆದರೂ?

ಉತ್ತರ: ಹೌದು, ಬರೀ ಸಲೈನ್ ಆದರೂ. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದ ಪ್ರಕಾರ 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಜಾಸ್ತಿ ದ್ರವವನ್ನು ನರದ ಮೂಲಕ ಪಡೆಯುವಂತಿಲ್ಲ. ಸ್ಪರ್ಧೆ ಇಲ್ಲದ ದಿನಗಳಿಗೂ ಇದು ಅನ್ವಯಿಸುತ್ತದೆ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗ ಪತ್ತೆಯ ಪರೀಕ್ಷೆಗಳಿಗೆ ವಿನಾಯಿತಿ ಇದೆ. ಅಂಥ ಸಂದರ್ಭ ಬಂದರೆ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಗಂಡ ಮ್ಯಾರಥಾನ್ ಓಡುತ್ತಾರೆ. ಓಟದ ದಿನ ಜೊತೆಗೆ ಹೋಗುವುದು ನಾನೇ. ಮುಗಿದ ಮೇಲೆ ಏನು ಕೊಡಬೇಕು? ಯಾವಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು?

ಉತ್ತರ: ಓಟದ ಮೊದಲು ಮತ್ತು ನಂತರ ತೂಕ ನೋಡಿಸಿ. ಒಂದೆರಡು ಕಿಲೋ ಕಡಿಮೆಯಾಗಿದ್ದರೆ ಗಾಬರಿ ಬೇಡ. ಬಾಯಾರಿಕೆ ನೋಡಿಕೊಂಡು, ಸ್ವಲ್ಪ ಸ್ವಲ್ಪವಾಗಿ, ಕೆಲವು ಗಂಟೆ ಕುಡಿಯಲಿ. ಜೊತೆಗೆ ಉಪ್ಪಿರುವ ತಿಂಡಿ ಇರಲಿ. ಓಆರ್‌ಎಸ್ ಕೂಡ ಒಳ್ಳೆಯದು. ಅದರ ಗ್ಲೂಕೋಸ್ ಕರುಳಿನಲ್ಲಿ ಸೋಡಿಯಂ ಅನ್ನು ಜೊತೆಗೆ ಎಳೆದುಕೊಳ್ಳುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಬೆರೆಸಿ. ತೂಕ ಮೊದಲಿಗಿಂತ ಹೆಚ್ಚಾಗಿದ್ದರೆ ನೀರು ಕೊಡಬೇಡಿ, ಮೂತ್ರ ಸಲೀಸಾಗಿ ಬರುವ ತನಕ ಕಾಯಿರಿ. ಆ ದಿನ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ ಬೇಡ, ಮೂತ್ರಪಿಂಡಕ್ಕೆ ಕಷ್ಟ.

ಮಾತು ತೊದಲಿದರೆ, ಗೊಂದಲವಾದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯಬೇಡಿ, ವೈದ್ಯರನ್ನು ಕರೆಯಿರಿ. ಗೊಂದಲದ ಜೊತೆ ಮೈ ಸುಡುತ್ತಿದ್ದರೆ ಅದು ಬಿಸಿಲಿನ ಆಘಾತ ಇರಬಹುದು. ಒಳಮೈ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆಗ ಆಂಬುಲೆನ್ಸ್ ಬರುವ ತನಕ ಸುಮ್ನೆ ಕೂರಬಾರದು. ಐಸ್ ನೀರಿನ ತೊಟ್ಟಿ ಇದ್ದರೆ ಕುತ್ತಿಗೆಯವರೆಗೆ ಮುಳುಗಿಸಬೇಕು, ತಲೆ ನೀರಿನ ಮೇಲಿರುವಂತೆ ಹಿಡಿದುಕೊಂಡಿರಬೇಕು. ತೊಟ್ಟಿ ಇಲ್ಲದಿದ್ದರೆ ಇಡೀ ಮೈಗೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆ.

ವಾಂತಿ ನಿಲ್ಲದೆ ಒಂದು ಗುಟುಕೂ ಹೊಟ್ಟೆಯಲ್ಲಿ ಉಳಿಯದಿದ್ದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಡ್ರಿಪ್ ಹಾಕಬೇಕಾಗಬಹುದು. ಮರುದಿನವೂ ಅಷ್ಟೆ: ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ಸ್ನಾಯುಗಳು ಊದಿಕೊಂಡಿದ್ದರೆ ಮನೆಯಲ್ಲಿ ಇರಬೇಡಿ. ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿರಬಹುದು. ಅದಕ್ಕೆ ಡ್ರಿಪ್ಪೇ ಮುಖ್ಯ ಚಿಕಿತ್ಸೆ, ತಡ ಮಾಡದೆ ಹೋಗಿ.